ಕೋವಿಯ ನಳಿಗೆಯ ಆರೈಕೆ
(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯಾದ ನಿವೃತ್ತ ಸೈನಿಕರೊಬ್ಬರು ಮಾಡಿದ ಭಾಷಣ)



ಸೈನ್ಯದ ಅನುಭವ ಹೇಳಬೇಕೆಂದು ಸಮಿತಿಯವರು ಕೇಳಿದ್ದಾರೆ. ಯುದ್ಧದ ಕಥೆ ಹೇಳುವವರಿಗೆ ನಮ್ಮ ಕೊಡಗಿನಲ್ಲಿ ಕೊರತೆ ಇಲ್ಲ. ನಾನು ಸೈನ್ಯದಲ್ಲಿ ದಿನನಿತ್ಯ ಮಾಡಿದ ಒಂದು ಸಣ್ಣ ಕೆಲಸದ ಬಗ್ಗೆ ಹೇಳುತ್ತೇನೆ. ಅದು ರೈಫಲ್ಲಿನ ನಳಿಗೆಯನ್ನು ಸ್ವಚ್ಛ ಮಾಡುವುದು. ಮಕ್ಕಳಿಗೆ ಇದು ಕವಾಯತಿನ ಪಾಠ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ ಪೂಜೆಗಿಡುವ ಮನೆಗಳಿಗೆ ಇದು ಜೀವದ ಪ್ರಶ್ನೆ.

ಮೊದಲ ಕೆಲಸ ಎಣ್ಣೆಯೂ ಅಲ್ಲ, ಬಟ್ಟೆಯೂ ಅಲ್ಲ. ಕೋವಿ ಖಾಲಿ ಇದೆಯೇ ಎಂದು ನೋಡುವುದು. ಕೋವಿಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ತೋಟೆ ಕೂರುವ ಜಾಗವನ್ನು ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ನೋಡಬೇಕು. ಅಪ್ಪ ನೋಡಿ ಕೊಟ್ಟಿದ್ದರೂ ಮಗ ಮತ್ತೆ ನೋಡಬೇಕು. ಅದರಲ್ಲಿ ಅವಮಾನವಿಲ್ಲ. ಒರೆಸುವಾಗ ಸಿಡಿದ ಕೋವಿ ಖಾಲಿ ಕೋವಿಯಲ್ಲ, ಖಾಲಿ ಎಂದು ನಂಬಿದ ಕೋವಿ.

ಇನ್ನು ನಳಿಗೆಯ ಒಳಗೆ ನೋಡೋಣ. ರೈಫಲ್ಲಿನ ನಳಿಗೆಯಲ್ಲಿ ಸುತ್ತುಸುತ್ತಾಗಿ ತೋಡುಗಳಿರುತ್ತವೆ. ಹಳೆಯ ಇಶಾಪುರದ 303 ರೈಫಲ್ಲಿನಲ್ಲಿ ಐದು ತೋಡು. ಗುಂಡು ಬುಗುರಿಯಂತೆ ತಿರುಗುತ್ತಾ ನೇರವಾಗಿ ಹೋಗುವುದು ಇವುಗಳಿಂದಲೇ. ಹೊಡೆದ ಮೇಲೆ ಈ ತೋಡುಗಳಲ್ಲಿ ಮಸಿ ಕೂರುತ್ತದೆ. ನೀವು ಹೊಡೆಯುವ .22 ರೈಫಲ್ಲಿನಲ್ಲಿ ಸ್ವಲ್ಪ ಸೀಸವೂ ಕೂರುತ್ತದೆ. ಹಳೆಯ 303 ತೋಟೆಗಳ ಕ್ಯಾಪಿನ ಮದ್ದು ಒಂದು ಬಗೆಯ ಉಪ್ಪನ್ನು ಬಿಟ್ಟುಹೋಗುತ್ತಿತ್ತು. ಉಪ್ಪು ತೇವ ಎಳೆಯುತ್ತದೆ, ತೇವ ತುಕ್ಕು ತರುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಅದಕ್ಕಾಗಿಯೇ ಹಿಂದಿನ ಸೈನಿಕರು ನಳಿಗೆಗೆ ಕುದಿಯುವ ನೀರು ಹೊಯ್ದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು.

ಸ್ವಚ್ಛ ಮಾಡುವುದು ಸಾಧ್ಯವಾದಷ್ಟೂ ಹಿಂದಿನಿಂದ, ಅಂದರೆ ತೋಟೆ ಹಾಕುವ ಕಡೆಯಿಂದ. ಒರೆಸಲು ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲದ ಚಿಂದಿ. ಎಣ್ಣೆ ಹಚ್ಚಲು ಒಂದೂವರೆ ಇಂಚು ಅಗಲದ್ದು ಸಾಕು. ಪುಲ್‌ಥ್ರೂವಿನ ತೂಕದ ತುದಿಯನ್ನು ಒಳಗೆ ಬಿಟ್ಟು, ಬಾಯಿಯಿಂದ ಹೊರಬಂದ ಹಗ್ಗವನ್ನು ಒಂದೇ ಉಸಿರಿಗೆ ನೇರವಾಗಿ ಎಳೆಯಬೇಕು. ಹಗ್ಗ ಓರೆಯಾಗಿ ಅಂಚಿಗೆ ಉಜ್ಜಿದರೆ ಉಕ್ಕೂ ಸವೆಯುತ್ತದೆ. ಬಾವಿಯ ಕಲ್ಲಿನ ಮೇಲೆ ಹಗ್ಗದ ಗುರುತು ನೋಡಿಲ್ಲವೇ? ಗುಂಡು ಕೊನೆಗೆ ಮುಟ್ಟಿ ಹೋಗುವ ಜಾಗ ಆ ಅಂಚು. ಅದು ಸವೆದರೆ ಗುರಿ ಕೆಡುತ್ತದೆ.

ಚಿಂದಿ ಬೆಳ್ಳಗೆ ಬರುವವರೆಗೆ ಒರೆಸಿ, ಕೊನೆಗೆ ತೆಳುವಾಗಿ ಕೋವಿ ಎಣ್ಣೆ ಹಚ್ಚಿ. ತೆಂಗಿನೆಣ್ಣೆ ಬೇಡ, ನಮ್ಮ ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಮುಂದಿನ ಎರಡು ಮೂರು ದಿನ ಮತ್ತೆ ಒರೆಸಿ ನೋಡಿ. ಮಳೆಗಾಲದಲ್ಲಿ ಬಟ್ಟೆಯ ಚೀಲದಲ್ಲೋ ಚರ್ಮದ ಚೀಲದಲ್ಲೋ ಕಟ್ಟಿಡಬೇಡಿ, ಅದು ತೇವ ಹಿಡಿದುಕೊಳ್ಳುತ್ತದೆ.

ಹೊಡೆಯುವ ಮುನ್ನ ಒಣ ಚಿಂದಿಯಿಂದ ಎಣ್ಣೆ ತೆಗೆದು, ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡಿ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿರಬಹುದು, ಚಿಂದಿಯ ತುಂಡು ಸಿಕ್ಕಿರಬಹುದು. ಅಡ್ಡ ಇರುವಾಗ ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಆಗ ಹೋಗುವುದು ಹೊಡೆದವನ ಕೈ, ಕಣ್ಣು. ಅಡ್ಡವನ್ನು ಗುಂಡು ಹೊಡೆದು ತೆಗೆಯುತ್ತೇನೆ ಎನ್ನುವ ಧೈರ್ಯ ಯಾರಿಗೂ ಬೇಡ.

ಹಿರಿಯರಲ್ಲಿ ಒಂದು ಮಾತು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ ಮಳೆಗಾಲವಿಡೀ ಗೋಡೆಯಲ್ಲಿದ್ದ ಕೋವಿಗಳು ಕೆಳಗಿಳಿಯುತ್ತವೆ. ಮನೆ ತುಂಬ ನೆಂಟರು, ಮಕ್ಕಳು. ಆ ದಿನ ಒಬ್ಬ ಹಿರಿಯರು ಎಲ್ಲರ ಎದುರಿಗೆ ಬೋಲ್ಟ್ ತೆಗೆದು, ಹಳೆಯ ಜೋಡುನಳಿಗೆಯಾದರೆ ಮಡಚಿ ನೋಡಿ, "ಖಾಲಿ" ಎಂದು ಗಟ್ಟಿಯಾಗಿ ಹೇಳಲಿ. ತೋಟೆಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ಪೂಜೆಗೆ ಬಾಯಿಯಲ್ಲಿ ಸಿಕ್ಕಿಸಿದ ತೋಕ್‌ಪೂವನ್ನು, ತೆಂಗಿನಕಾಯಿಗೆ ಗುರಿ ಇಡುವ ಮುನ್ನ ನೆನಪಿಟ್ಟು ತೆಗೆಯಿರಿ. ಅಜ್ಜನ ಕಾಲದ, ತುಕ್ಕು ಹಿಡಿದ ಕೋವಿಯನ್ನು ಮನೆಯಲ್ಲಿ ಉಜ್ಜುವ ಬದಲು ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿ.

ಮಕ್ಕಳೇ, ಗುರಿ ಹೊಡೆದವನಿಗೆ ಚಪ್ಪಾಳೆ ಸಿಗುತ್ತದೆ, ನಳಿಗೆ ಒರೆಸಿದವನಿಗೆ ಸಿಗುವುದಿಲ್ಲ. ಆದರೂ ಒರೆಸಿ ಇಡಿ.