ಮಹಡಿ ಮನೆಗೆ ಬೆಂಕಿ ಬಿದ್ದಾಗ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಶಾಸನಗಳ ಕಾಲದಲ್ಲಿ ಕೋಗಳಿ ನಾಡು ಎನಿಸಿಕೊಂಡಿದ್ದ ಈ ಸೀಮೆಯಲ್ಲಿ ಬೆಂಕಿ ಎಂದರೆ ಮೊದಲು ನೆನಪಾಗುವುದು ಬಣವೆಯ ಬೆಂಕಿ. ಬಣವೆ ಹೊತ್ತಿಕೊಂಡಿತು ಎಂದರೆ ಓಣಿಯ ಮಂದಿಯೆಲ್ಲ ಕೊಡ ಹಿಡಿದು ಓಡುತ್ತಾರೆ. ವರ್ಷದ ಮೇವು ಹೋಯಿತಲ್ಲ ಎಂಬ ಸಂಕಟ ದೊಡ್ಡದೇ. ಆದರೆ ಅಲ್ಲಿ ಹೊಗೆಗೆ ಆಕಾಶವೆಲ್ಲ ತೆರೆದಿರುತ್ತದೆ, ಮನುಷ್ಯರು ಹೊರಗೆ ನಿಂತಿರುತ್ತಾರೆ. ಇಂದು ನಾನು ಹೇಳಹೊರಟಿರುವುದು ಮನೆಯೊಳಗೆ, ಮಹಡಿಯ ಮೇಲೆ, ಮಲಗಿದ ಹೊತ್ತಿನಲ್ಲಿ ಬೀಳುವ ಬೆಂಕಿಯ ಬಗ್ಗೆ.

ಅದು ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಚಿಂತೆ, ನಮಗೇಕೆ ಎಂದು ಯಾರಾದರೂ ಕೇಳಬಹುದು. 2022ರ ಏಪ್ರಿಲ್ 8ರ ರಾತ್ರಿಯನ್ನು ನೆನಪಿಸುತ್ತೇನೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಗೆ ಬರುವ ದಾರಿಯಲ್ಲೇ ಇರುವ ಮರಿಯಮ್ಮನಹಳ್ಳಿ. ನಡುರಾತ್ರಿ ಕಳೆದ ಹೊತ್ತು. ಒಂದು ಮನೆಯ ಮೇಲಂತಸ್ತಿನಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಸಿ ಹಾಕಿಕೊಂಡು ಮಲಗಿದ್ದರು. ಎಸಿಯ ಕಡೆಯಿಂದ ಬೆಂಕಿ ಹೊತ್ತಿತು ಎಂದು ಆಗ ವರದಿಯಾಯಿತು. ಕೆಳಗಿನ ಅಂತಸ್ತಿನಲ್ಲಿದ್ದ ಹಿರಿಯರು ಹೊರಗೆ ಬಂದರು. ಮೇಲಿದ್ದ ನಾಲ್ವರೂ ಉಸಿರುಗಟ್ಟಿ ತೀರಿಕೊಂಡರು. ಅದೇನೂ ಹತ್ತಂತಸ್ತಿನ ಕಟ್ಟಡವಾಗಿರಲಿಲ್ಲ. ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಅನುಕೂಲ ಇದ್ದವರೆಲ್ಲ ಕಟ್ಟಿಸುತ್ತಿರುವಂಥದೇ ಮನೆ.

ಉಸಿರುಗಟ್ಟಿ ಎಂದೆನಲ್ಲ, ಆ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಮನೆಯ ಬೆಂಕಿಯಲ್ಲಿ ಸಾಯುವವರಲ್ಲಿ ಬಹಳ ಮಂದಿಯನ್ನು ಬೆಂಕಿಯ ಜ್ವಾಲೆ ಮುಟ್ಟಿಯೇ ಇರುವುದಿಲ್ಲ. ಅದಕ್ಕೆ ಮೊದಲೇ ಹೊಗೆ ಬಂದು ಮುಟ್ಟಿರುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಫೋಮಿನ ಹಾಸಿಗೆ, ಸೋಫಾ ಹೊತ್ತಿದರೆ ಸಯನೈಡ್ ಅನಿಲವೂ ಇದರ ಜೊತೆ ಸೇರುತ್ತದೆ. ಮಲಗಿದವರು ಹೊಗೆಯ ವಾಸನೆಗೆ ಎಚ್ಚರಾಗಿಯೇ ಆಗುತ್ತಾರೆ ಎಂದು ನಂಬಿ ಕೂರುವಂತಿಲ್ಲ. ಎಚ್ಚರಾದರೂ ತಲೆ ಸುತ್ತುತ್ತದೆ, ಕೈಕಾಲು ಮಾತು ಕೇಳುವುದಿಲ್ಲ, ದಿನವೂ ತೆಗೆದು ಹಾಕುವ ಚಿಲಕವೇ ಕೈಗೆ ಸಿಗುವುದಿಲ್ಲ.

ನಮ್ಮ ಹಳೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಬೆಳಕಿಂಡಿ ಗೊತ್ತು. ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಆ ಕಿಂಡಿಯಿಂದ ಅಡಿಗೆಮನೆಗೆ ಬೆಳಕು ಬರುತ್ತಿತ್ತು, ಒಲೆಯ ಹೊಗೆ ಅದೇ ದಾರಿಯಲ್ಲಿ ಹೊರಗೆ ಹೋಗುತ್ತಿತ್ತು. ಮಳೆ ಬಂದಾಗ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಿ ಬರಬೇಕಿತ್ತು. ಮುಂದಿನ ಬಾಗಿಲಿನ ಜೊತೆಗೆ ಹಿತ್ತಲ ಬಾಗಿಲೂ ಇರುತ್ತಿತ್ತು. ಕಾಂಕ್ರೀಟಿನ ಮನೆ ಬಂದ ಮೇಲೆ ಬೆಳಕಿಂಡಿ ಹೋಯಿತು, ಮಹಡಿಯ ಮೇಲೆ ಹಿತ್ತಲ ಬಾಗಿಲಿಗೆ ಜಾಗವೇ ಇಲ್ಲ. ಎಸಿಯ ತಂಪು ಹೋಗದಿರಲಿ ಎಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತೇವೆ. ಹೊಗೆಗೆ ಉಳಿಯುವ ದಾರಿ ಮೆಟ್ಟಿಲೊಂದೇ. ನಾವು ಇಳಿಯಬೇಕಾದ ದಾರಿಯೂ ಅದೇ. ಮಹಡಿ ಮನೆಯ ಅಪಾಯದ ಮೂಲ ಇಲ್ಲಿದೆ. ಮನೆ ಕಟ್ಟಿಸುವಾಗ ಮೇಸ್ತ್ರಿಯ ಜೊತೆ ವಾಸ್ತುವಿನ ಬಗ್ಗೆ ಎಷ್ಟು ಹೊತ್ತು ಮಾತಾಡುತ್ತೇವೋ, ರಾತ್ರಿ ಎದ್ದು ಹೊರಗೆ ಓಡುವ ದಾರಿಯ ಬಗ್ಗೆಯೂ ಅಷ್ಟು ಹೊತ್ತು ಮಾತಾಡಬೇಕು ಎಂಬುದು ನನ್ನ ಒತ್ತಾಯ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆದದ್ದೂ ಹೊರಗೆ ದಾರಿ ಸಿಗದೆ ಹೊಗೆಗೆ ಸಿಕ್ಕ ಕಥೆಯೇ. ಅದು ಕಚೇರಿಗಳ ಕಟ್ಟಡ, ಹಾಡಹಗಲು. ವಿದ್ಯುತ್ ತಂತಿಗಳು ಹಾಯ್ದುಹೋಗುವ ಕೊಳವೆಯಂಥ ಜಾಗದಲ್ಲಿ, ಡಕ್ಟ್ ಎನ್ನುತ್ತಾರಲ್ಲ, ಅಲ್ಲಿ ಬೆಂಕಿ ಹತ್ತಿತು. ಹೊಗೆ ಅದೇ ಡಕ್ಟಿನಿಂದ ಮೇಲೇರಿ ಅಂತಸ್ತು ಅಂತಸ್ತಿಗೂ ನುಗ್ಗಿತು. ತುರ್ತಾಗಿ ಹೊರಬೀಳಬೇಕಾದ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಜನ ಗಾಜು ಒಡೆದು ಕೆಳಗೆ ಹಾರಿದರು. 9 ಮಂದಿ ಸತ್ತರು. ತಮ್ಮವರನ್ನು ಕಳೆದುಕೊಂಡವರು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿದರು. ಬೆಂಕಿಯಿಂದ ಸುರಕ್ಷತೆಯ ಬಗ್ಗೆ ಜನರಲ್ಲಿ ತಿಳಿವಳಿಕೆ ಮೂಡಿಸುವ ಕೆಲಸ ಅವರದು. ದುಃಖವನ್ನು ಇನ್ನೊಬ್ಬರ ಜೀವ ಉಳಿಸುವ ಕೆಲಸಕ್ಕೆ ಹಚ್ಚಿದ ಆ ಜನರ ಬಗ್ಗೆ ನನಗೆ ಬಹಳ ಗೌರವವಿದೆ.

ಬೆಂಗಳೂರಿನ ಮಾತು ನಮಗೆ ದೂರದ ಮಾತಲ್ಲ. ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದ ಗುಳೆ ಹೋದ ಎಷ್ಟೋ ಮಂದಿ ಆ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಿದ್ದಾರೆ. ನಮ್ಮ ಮಕ್ಕಳು ಅಲ್ಲೇ ಬಾಡಿಗೆಗೆ ಇದ್ದಾರೆ, ಪಿಜಿಗಳಲ್ಲಿದ್ದಾರೆ, ಗೇಟಿನಲ್ಲಿ ಕಾವಲಿಗಿದ್ದಾರೆ. 2021ರ ಸೆಪ್ಟೆಂಬರ್ 21ರಂದು ಬೇಗೂರು ಬಳಿಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೆಂಕಿ ಬಿದ್ದು ಇಬ್ಬರು ಹೆಣ್ಣುಮಕ್ಕಳು ಸತ್ತರು. ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಇತ್ತು. ಸುತ್ತಲಿನ ಜನ ನೋಡುತ್ತಲೇ ಇದ್ದರು, ಅಲ್ಲಿಂದ ಅವರನ್ನು ಹೊರಗೆ ತೆಗೆಯಲಾಗಲಿಲ್ಲ. 2025ರ ಆಗಸ್ಟ್ 16ರ ನಸುಕಿನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಚಿಕ್ಕ ಮಕ್ಕಳೂ ಸೇರಿ ಐವರು ಹೋದರು. ಕೆಳಗೆ ವ್ಯಾಪಾರದ ಸಾಮಾನು, ಮೇಲೆ ವಾಸ. ಕೆಳಗೆ ಅಂಗಡಿ ಮೇಲೆ ಮನೆ ಎಂಬುದು ನಮ್ಮ ಪೇಟೆಬೀದಿಗಳಲ್ಲೂ ಬೇಕಾದಷ್ಟಿದೆ. ಪ್ಲಾಸ್ಟಿಕ್ಕು, ಬಟ್ಟೆ, ಬಣ್ಣದ ಡಬ್ಬಿಗಳನ್ನು ಮೆಟ್ಟಿಲ ಕೆಳಗೆ ಒಟ್ಟಿ, ರಾತ್ರಿ ಚಾನೆಲ್ ಗೇಟಿಗೆ ಬೀಗ ಜಡಿದು ಮೇಲೆ ಮಲಗುವ ಮನೆಗಳು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತವೆ.

ಗ್ರಿಲ್ ತೆಗೆಸಿ ಎಂದು ನಾನು ಹೇಳಲಾರೆ. ಕಳ್ಳರ ಭಯವಿದೆ, ಮಂಗಗಳ ಕಾಟವಿದೆ, ಮಕ್ಕಳು ಬಿದ್ದಾರೆಂಬ ಹೆದರಿಕೆ ಇದೆ. ಆದರೆ ಪ್ರತಿ ಮಹಡಿಯಲ್ಲೂ ಒಂದು ಗ್ರಿಲ್ಲಿಗೆ ಮನುಷ್ಯ ತೂರುವಷ್ಟು ಅಗಲದ, ಒಳಗಿನಿಂದ ತೆರೆಯುವ ಕದ ಮಾಡಿಸಿ. ವೆಲ್ಡಿಂಗ್ ಅಂಗಡಿಯವರಿಗೆ ಅರ್ಧ ದಿನದ ಕೆಲಸ ಅದು. ಅದರ ಬೀಗದ ಕೈಯನ್ನು ಪಕ್ಕದಲ್ಲೇ, ಮಕ್ಕಳಿಗೂ ಗೊತ್ತಿರುವ ಒಂದು ಮೊಳೆಗೆ ತೂಗುಹಾಕಿ. ಚಾನೆಲ್ ಗೇಟಿನ ಕೀಲಿಗೂ ಇದೇ ಮಾತು. ಮಾಳಿಗೆಗೆ ಹೋಗುವ ಬಾಗಿಲಿಗೆ ಹೊರಗಿನಿಂದ ಬೀಗ ಬೇಡ, ಒಳಗಿನ ಚಿಲಕ ಸಾಕು.

ಇನ್ನು ಬೆಂಕಿ ಬಿದ್ದೇ ಬಿಟ್ಟಿತು ಎನ್ನಿ. ಎಚ್ಚರಾದ ಕೂಡಲೇ ಕೋಣೆಯ ಬಾಗಿಲನ್ನು ದಡಕ್ಕನೆ ತೆರೆಯಬೇಡಿ. ಅಂಗೈಯ ಹಿಂಬದಿಯಿಂದ ಬಾಗಿಲನ್ನು ಮುಟ್ಟಿ ನೋಡಿ. ತಣ್ಣಗಿದ್ದರೆ ಸ್ವಲ್ಪವೇ ತೆರೆದು ನೋಡಿ, ಮೆಟ್ಟಿಲು ತಿಳಿಯಾಗಿದ್ದರೆ ಎಲ್ಲರನ್ನೂ ಎಬ್ಬಿಸಿಕೊಂಡು ಇಳಿಯಿರಿ. ಬೆಂಕಿ ಹತ್ತಿದ ಕೋಣೆಯ ಬಾಗಿಲನ್ನು ಎಳೆದುಕೊಂಡೇ ಬನ್ನಿ. ಮುಚ್ಚಿದ ಬಾಗಿಲು ಹೊಗೆಯನ್ನೂ ಕಾವನ್ನೂ ಕೆಲವು ನಿಮಿಷ ತಡೆಯುತ್ತದೆ, ಅಷ್ಟರಲ್ಲಿ ಮನೆಮಂದಿ ಇಳಿದಿರುತ್ತಾರೆ. ಹೊಗೆ ಮೇಲಕ್ಕೆ ಏರಿ ನಿಲ್ಲುವುದರಿಂದ ನೆಲದ ಬಳಿ ಉಸಿರಾಡುವ ಗಾಳಿ ಇನ್ನೂ ಇರುತ್ತದೆ; ಅಂಬೆಗಾಲಿಟ್ಟು ಹೋಗಿ. ಲಿಫ್ಟು ಹತ್ತಲೇಬೇಡಿ. ಕರೆಂಟು ಹೋದರೆ ಅದು ನಡುವೆ ನಿಲ್ಲುತ್ತದೆ, ಅದರ ಬಾವಿಯಲ್ಲಿ ಹೊಗೆ ತುಂಬುತ್ತದೆ.

ಬಾಗಿಲು ಬಿಸಿಯಾಗಿದ್ದರೆ, ಮೆಟ್ಟಿಲಲ್ಲಿ ಕಪ್ಪು ಹೊಗೆ ತುಂಬಿದ್ದರೆ, ಅದರೊಳಕ್ಕೆ ನುಗ್ಗುವುದು ಸಾವಿನ ದಾರಿ. ಬೀದಿಯ ಕಡೆ ಕಿಟಕಿ ಇರುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಟವೆಲ್ಲು, ಸೀರೆ, ಹೊದಿಕೆ ಏನು ಸಿಕ್ಕರೂ ನೀರಲ್ಲಿ ನೆನೆಸಿ ಬಾಗಿಲ ಕೆಳಗಿನ ಸಂದಿಗೆ ತುರುಕಿ. ಕಿಟಕಿ ತೆರೆದು, ಬಣ್ಣದ ಬಟ್ಟೆ ಬೀಸಿ, ಕೂಗಿ. ಫೋನಿದ್ದರೆ ಯಾವ ಮಹಡಿಯಲ್ಲಿ, ಯಾವ ಕೋಣೆಯಲ್ಲಿ ಇದ್ದೀರೆಂದು ಹೇಳಿ. ಬೆಂಗಳೂರಿನ ಅಗ್ನಿಶಾಮಕ ದಳದ ಬಳಿ 90 ಮೀಟರ್ ಏರುವ ಏಣಿ ಇದೆ. ಅಂಥ ಏಣಿ ನಮ್ಮ ಸಣ್ಣ ಊರಿನ ಓಣಿಗೆ ಬಂದೀತೆಂದು ಎಣಿಸುವಂತಿಲ್ಲ. ಅವರು ಬರುವತನಕ ಉಸಿರು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಬೆಂಕಿ ಹುಟ್ಟುವ ಜಾಗಗಳ ಬಗ್ಗೆ ಎರಡು ಮಾತು. ನಮ್ಮ ಕಡೆಯ ಬೇಸಿಗೆ ಎಂಥದ್ದೆಂದು ನಿಮಗೆ ಹೇಳಬೇಕಿಲ್ಲ. ಎಸಿ ಈಗ ಐಷಾರಾಮದ ವಸ್ತುವಾಗಿ ಉಳಿದಿಲ್ಲ. ಒಂದೂವರೆ ಟನ್ನಿನ ಎಸಿ 1500 ವಾಟಿನ ಆಸುಪಾಸು ಕರೆಂಟು ಎಳೆಯುತ್ತದೆ, ಅದೂ ರಾತ್ರಿಯಿಡೀ. ಫ್ಯಾನು ಲೈಟಿಗೆಂದು ಎಳೆದ ಹಳೆಯ ಸಣ್ಣ ತಂತಿಗೆ, ಇಲ್ಲವೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಅದನ್ನು ಸಿಕ್ಕಿಸಿದರೆ ಗೋಡೆಯೊಳಗಿನ ತಂತಿ ಕಾಯುತ್ತದೆ. ಆಗ ಕರೆಂಟನ್ನು ತಾನಾಗಿ ಕಡಿಯುವ ಸ್ವಿಚ್ಚು, ಎಂಸಿಬಿ ಎನ್ನುತ್ತಾರಲ್ಲ, ಅದು ಬೀಳುತ್ತದೆ. ಬೀಳಲೆಂದೇ ಅದನ್ನು ಇಟ್ಟಿರುವುದು. ಆದರೆ ಪದೇ ಪದೇ ಬೀಳುತ್ತದೆಂದು ಬೇಸತ್ತು 16 ಆಂಪಿಯರಿನದನ್ನು ಕಿತ್ತು 32ರದನ್ನು ಹಾಕಿಸುವವರಿದ್ದಾರೆ. ಅಲ್ಲಿಂದ ಮುಂದೆ ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿದರೂ ಎಂಸಿಬಿ ಸುಮ್ಮನಿರುತ್ತದೆ. ದಯವಿಟ್ಟು ಹಾಗೆ ಮಾಡಿಸಬೇಡಿ, ಮಾಡಿಸಿದ್ದರೆ ನಾಳೆಯೇ ತೆಗೆಸಿ. ಎಸಿಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ತಂತಿ ಎಳೆಸಿ. ಪ್ಲಗ್ಗು ಮುಟ್ಟಿದರೆ ಸುಡುತ್ತದೆ, ಸ್ವಿಚ್ಚಿನ ಸುತ್ತ ಕಂದು ಕಲೆ ಬಿದ್ದಿದೆ ಎಂದರೆ ಎಲೆಕ್ಟ್ರಿಷಿಯನ್ ಬರುವತನಕ ಅದನ್ನು ಬಳಸಬೇಡಿ. ಎಲೆಕ್ಟ್ರಿಕ್ ಸ್ಕೂಟರನ್ನು ಮೆಟ್ಟಿಲ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ಹಾಕುವುದೂ ಬೇಡ. ಅದರ ಬ್ಯಾಟರಿ ಹೊತ್ತಿದರೆ ಇಳಿಯುವ ದಾರಿಯೇ ಉರಿಯುತ್ತದೆ.

ಸಂಜೆ ಮಂಡಕ್ಕಿಗೆ ಮಿರ್ಚಿ ಕರಿಯುವಾಗ ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಲೇಬಾರದು. ಕುದಿಯುವ ಎಣ್ಣೆಯಡಿ ಇಳಿದ ನೀರು ಕ್ಷಣದಲ್ಲಿ 1700 ಪಟ್ಟು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆ ಮುಚ್ಚಿ, ಪೂರಾ ಆರುವತನಕ ತೆಗೆಯಬೇಡಿ. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಅಡಿಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ನಿಂತಿರುತ್ತದೆ. ಸೋರಿಕೆಯ ದೂರಿಗೆ 1906 ಇದೆ.

ಬೆಂಕಿಗೆ 101 ಅಥವಾ 112. ಊರು, ಓಣಿ, ಹತ್ತಿರದ ಗುಡಿಯೋ ಶಾಲೆಯೋ, ಎಷ್ಟನೇ ಮಹಡಿ, ಒಳಗೆ ಎಷ್ಟು ಮಂದಿ, ಇಷ್ಟನ್ನು ಹೇಳಿ. ಗಾಡಿ ಬರುವಷ್ಟರಲ್ಲಿ ಓಣಿಯ ಬೈಕು, ಟ್ರ್ಯಾಕ್ಟರುಗಳನ್ನು ಸರಿಸಿ, ಒಬ್ಬರು ತಿರುವಿನಲ್ಲಿ ಹೋಗಿ ನಿಲ್ಲಿ. ಬೆಂಗಳೂರಿನಲ್ಲಿರುವ ಮಗನಿಗೋ ಮಗಳಿಗೋ ಈ ವಾರ ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: “ತಮ್ಮಾ, ನಿಮ್ಮ ಬಿಲ್ಡಿಂಗಿನಾಗ ಲಿಫ್ಟ್ ಬಿಟ್ಟು ಮೆಟ್ಲ ಎಲ್ಲಿ ಅದಾವು? ಒಮ್ಮೆಯಾರ ಇಳಿದು ನೋಡೀಯೇನು?”

ಹೊಗೆಯಿಂದ ಪಾರಾಗಿ ಬಂದವರ ಬಗ್ಗೆಯೂ ಒಂದು ವಿಷಯ ತಿಳಿದಿರಲಿ. ನಡೆದಾಡುತ್ತಿದ್ದಾರೆ, ಮಾತಾಡುತ್ತಿದ್ದಾರೆ ಎಂದು ಅವರನ್ನು ಮನೆಯಲ್ಲೇ ಮಲಗಿಸಬೇಡಿ. ಕೊರೊನಾ ಕಾಲದಲ್ಲಿ ಬಹಳ ಮನೆಗಳಿಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ಬಾರದು. ರಕ್ತಕ್ಕೆ ಅಂಟಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಎಂಬುದನ್ನು ಆ ಸಾಮಾನ್ಯ ಯಂತ್ರ ಬೇರ್ಪಡಿಸಲಾರದು, ಎರಡನ್ನೂ ಒಂದೇ ಎಂದು ಎಣಿಸಿ 98, 99 ಎಂದು ತೋರಿಸಿಬಿಡುತ್ತದೆ. ತಲೆನೋವು, ವಾಂತಿ, ಮಂಕು, ಗೊಗ್ಗರು ದನಿ, ಮೂಗಿನ ಹೊಳ್ಳೆಯಲ್ಲಿ ಮಸಿ, ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ಇವರು ಹೊಗೆ ಕುಡಿದಿದ್ದಾರೆ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಕೊಡಬೇಕಾದ ಮುಖ್ಯ ಚಿಕಿತ್ಸೆ ಆಮ್ಲಜನಕ. ಅದು ಮಾಸ್ಕಿನಿಂದ ಎಷ್ಟು ಬೇಗ ಶುರುವಾದರೆ ಆ ವಿಷ ಅಷ್ಟು ಬೇಗ ರಕ್ತ ಬಿಟ್ಟು ಹೊರಡುತ್ತದೆ.