‘ಬಟ್’ ಎಲ್ಲಿ ಬರುತ್ತದೆ, ‘ಆಲ್‌ದೋ’ ಎಲ್ಲಿ ನಿಲ್ಲುತ್ತದೆ



ನಾನು ಇಂಗ್ಲಿಷ್ ಅಧ್ಯಾಪಕನಲ್ಲ. ಬಿ.ಎಸ್ಸಿ. ಓದಿ ದೂರದರ್ಶನಕ್ಕೆ ಬಂದವನು. ಕ್ಯಾಮೆರಾದ ಹಿಂದೆ ನಿಂತು ಬೇರೆಯವರ ಮಾತು ಕೇಳುವುದೇ ನನ್ನ ಉದ್ಯೋಗ. ಹಾಗೆ ಕೇಳಿದ ಒಂದು ವಾಕ್ಯದಿಂದಲೇ ಇಂದಿನ ಮಾತನ್ನು ಆರಂಭಿಸುತ್ತೇನೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳನ್ನು ಸೇರಿಸಿ ನಾವೊಂದು ಚಿತ್ರೀಕರಣ ಮಾಡುತ್ತಿದ್ದೆವು. ಪ್ರತಿಯೊಬ್ಬರೂ ಇಂಗ್ಲಿಷಿನಲ್ಲಿ ಎರಡು ಮಾತು ಪರಿಚಯ ಹೇಳಿಕೊಳ್ಳಬೇಕು. ನಾಗಮಂಗಲದ ಕಡೆಯ ಒಬ್ಬ ಹುಡುಗಿ ಹೆದರದೆ ಹೇಳಿದಳು: ‘ಐ ಗಾಟ್ ಫಸ್ಟ್ ಕ್ಲಾಸ್, ಬಟ್ ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ.’ ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ನಾನು, ‘ಅದನ್ನೇ ಹಿಂದುಮುಂದು ಮಾಡಿ ಹೇಳಮ್ಮ’ ಎಂದೆ. ಅವಳು, ‘ಎರಡೂ ಒಂದೇ ಅಲ್ವಾ ಸಾರ್?’ ಎಂದಳು.

ಒಂದೇ ಅಲ್ಲ. ‘ಬಟ್’ ಬಂದ ಮೇಲೆ ಏನು ಹೇಳುತ್ತೀರೋ ಕೇಳುವವರ ಮನಸ್ಸಿನಲ್ಲಿ ಉಳಿಯುವುದು ಅದೇ. ‘ಫಸ್ಟ್ ಕ್ಲಾಸ್ ಬಂತು, ಆದರೆ ಕನ್ನಡ ಮಾಧ್ಯಮ’ ಎಂದರೆ ಗಳಿಸಿದ್ದನ್ನು ತಾನೇ ಅರ್ಧ ಹಿಂದಕ್ಕೆ ಕೊಟ್ಟಂತೆ. ‘ಕನ್ನಡ ಮಾಧ್ಯಮ, ಆದರೆ ಫಸ್ಟ್ ಕ್ಲಾಸ್’ ಎಂದರೆ ಮಾತು ಗೆಲುವಿನಲ್ಲಿ ನಿಲ್ಲುತ್ತದೆ. ನಮ್ಮ ಕನ್ನಡದ ‘ಆದರೆ’ಗೂ ಈ ಗುಣ ಇದೆ. ಸಂದರ್ಶನದ ಕೊಠಡಿಯಲ್ಲಿ ಕುಳಿತಾಗ ಅದು ನಮಗೆ ಮರೆತುಹೋಗುತ್ತದೆ, ಅಷ್ಟೆ.

‘ಆಲ್‌ದೋ’ದ ರೀತಿ ಬೇರೆ. ಅದು ವಾಕ್ಯದ ಯಾವ ಭಾಗದ ಮುಂದೆ ನಿಲ್ಲುತ್ತದೋ ಆ ಭಾಗವನ್ನು ಒಪ್ಪಿಕೊಂಡು ಪಕ್ಕಕ್ಕಿಡುತ್ತದೆ. ಮುಖ್ಯವಾದ ಮಾತು ಇನ್ನೊಂದು ಭಾಗದಲ್ಲಿರುತ್ತದೆ. ಶ್ರೀರಂಗಪಟ್ಟಣದ ಚರಿತ್ರೆಯಿಂದಲೇ ಒಂದು ಉದಾಹರಣೆ. 1792ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯವನ್ನು ಕಳೆದುಕೊಂಡ. 1799ರಲ್ಲಿ ಕೋಟೆಯ ಯುದ್ಧದಲ್ಲಿ ಮಡಿದ. ‘ಆಲ್‌ದೋ ಟಿಪ್ಪು ಲಾಸ್ಟ್ ಹಾಫ್ ಹಿಸ್ ಕಿಂಗ್‌ಡಂ, ಹಿ ಡಿಡ್ ನಾಟ್ ಸರೆಂಡರ್ ಇನ್ 1799’ ಎಂದರೆ ಅವನು ಶರಣಾಗಲಿಲ್ಲ ಎಂಬುದು ಮುಖ್ಯ. ‘ಆಲ್‌ದೋ’ ಇರುವ ಭಾಗವನ್ನು ವಾಕ್ಯದ ಕೊನೆಗೆ ಸಾಗಿಸಿದರೂ ಮುಖ್ಯವಾದದ್ದು ಅದೇ. ‘ಬಟ್’ನಲ್ಲಿ ಈ ಸೌಕರ್ಯ ಇಲ್ಲ.

ಇಲ್ಲಿಯೇ ನಾವು ಎಡವುವುದು. ನಿಘಂಟಿನಲ್ಲಿ ‘ಆಲ್‌ದೋ’ ಎಂಬಲ್ಲಿ ‘ಆದರೂ’ ಎಂದಿರುತ್ತದೆ. ‘ಯೆಟ್’ ಎಂಬಲ್ಲಿಯೂ ‘ಆದರೂ’ ಎಂದೇ ಇರುತ್ತದೆ. ಕನ್ನಡದಲ್ಲಿ ‘ಮಳೆ ಬಂತು. ಆದರೂ ಕೆರೆ ತುಂಬಲಿಲ್ಲ’ ಎಂದು ಎರಡನೆಯ ವಾಕ್ಯವನ್ನು ‘ಆದರೂ’ದಿಂದ ಆರಂಭಿಸುತ್ತೇವೆ. ಅದೇ ಅಭ್ಯಾಸದಲ್ಲಿ ‘ಇಟ್ ರೇನ್ಡ್. ಆಲ್‌ದೋ, ದ ಟ್ಯಾಂಕ್ ಡಿಡ್ ನಾಟ್ ಫಿಲ್’ ಎಂದು ಬರೆದುಬಿಡುತ್ತೇವೆ. ಇದು ತಪ್ಪು. ‘ಆಲ್‌ದೋ’ ಮಳೆಯ ಜೊತೆ ಹೋಗಬೇಕು, ಕೆರೆಯ ಜೊತೆಗಲ್ಲ. ಕನ್ನಡದಲ್ಲಿ ಅದಕ್ಕೆ ಸರಿಯಾದ ಜೋಡಿ ಬಿಡಿಯಾದ ‘ಆದರೂ’ ಅಲ್ಲ. ‘ಬಂದರೂ’ ಎಂಬಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡ ‘ರೂ’. ನಮ್ಮದು ಮಾತಿನ ಕೊನೆಯಲ್ಲಿ ಬರುತ್ತದೆ, ಅವರದು ಮಾತಿನ ತಲೆಯಲ್ಲಿ ಕೂರುತ್ತದೆ.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ. ರಸಾಯನಶಾಸ್ತ್ರದ ಪ್ರಯೋಗದ ರೆಕಾರ್ಡಿನಲ್ಲಿ ‘ಆಲ್‌ದೋ’ ಎಂದು ಶುರು ಮಾಡಿ ನಡುವೆ ‘ಬಟ್’ ಹಾಕುತ್ತಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಬಟ್’ನ ಸುತ್ತ ಒಂದು ಸೊನ್ನೆ ಸುತ್ತುತ್ತಿದ್ದರು; ಕಾರಣ ಹೇಳುತ್ತಿರಲಿಲ್ಲ. ಕಾರಣ ಇಷ್ಟೇ: ಇಂಗ್ಲಿಷಿನಲ್ಲಿ ವಿರೋಧವನ್ನು ಒಂದು ಕಡೆ ಸೂಚಿಸಿದರೆ ಸಾಕು. ಸಂಸ್ಕೃತದಲ್ಲಿ ‘ಯದ್ಯಪಿ’ ಎಂದರೆ ‘ತಥಾಪಿ’ ಬರುತ್ತದೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿಯೂ ‘ದೋ’ ಮತ್ತು ‘ಯೆಟ್’ ಜೋಡಿಯಾಗಿ ಬರುತ್ತಿದ್ದವು, ಈಗ ಅಪರೂಪ. ‘ಆಲ್‌ದೋ’ ಜೊತೆಗೆ ‘ಬಟ್’ ಅನ್ನು ಮಾತ್ರ ಅವರು ಒಪ್ಪುವುದಿಲ್ಲ.

ಈಗ ಸ್ವಲ್ಪ ಸೂಕ್ಷ್ಮವಾದ ವಿಷಯ. ‘ಕಟ್ಟೆ ತುಂಬಿದರೂ ನಮ್ಮ ಕೆರೆಗೆ ನೀರು ಬರಲಿಲ್ಲ.’ ‘ಕಟ್ಟೆ ತುಂಬಿದರೂ ನಮ್ಮ ಕೆರೆಗೆ ನೀರು ಬರುವುದಿಲ್ಲ.’ ಎರಡರಲ್ಲೂ ‘ತುಂಬಿದರೂ’ ಒಂದೇ. ಆದರೆ ಮೊದಲನೆಯದರಲ್ಲಿ ಕನ್ನಂಬಾಡಿ ಕಟ್ಟೆ ನಿಜವಾಗಿ ತುಂಬಿದೆ, ನೀರು 124.80 ಅಡಿ ಮುಟ್ಟಿದೆ. ಎರಡನೆಯದು, ಒಂದು ವೇಳೆ ತುಂಬಿದರೂ ಎಂಬ ಊಹೆಯೂ ಆಗಬಹುದು. ಕನ್ನಡದಲ್ಲಿ ಕೊನೆಯ ಕ್ರಿಯಾಪದವೋ ಸಂದರ್ಭವೋ ಇದನ್ನು ತಿಳಿಸುತ್ತದೆ. ಇಂಗ್ಲಿಷಿನವರು ಮೊದಲೇ ಬೇರೆ ಬೇರೆ ಪದ ಇಟ್ಟಿದ್ದಾರೆ. ನಡೆದ ಸಂಗತಿಗೆ ‘ಈವನ್ ದೋ’, ಊಹೆಗೆ ‘ಈವನ್ ಇಫ್’. ಊರಿನ ಪರವಾಗಿ ನೀರಾವರಿ ಇಲಾಖೆಗೆ ನೀವು ಒಂದು ಇಂಗ್ಲಿಷ್ ಅರ್ಜಿ ಬರೆಯುತ್ತಿದ್ದೀರಿ ಎನ್ನಿ. ‘ಈವನ್ ದೋ ದ ಡ್ಯಾಮ್ ಈಸ್ ಫುಲ್’ ಎಂದರೆ ಅದು ದೂರು. ಅದರ ಬದಲು ‘ಈವನ್ ಇಫ್’ ಎಂದು ಬರೆದರೆ, ಕಟ್ಟೆ ಇನ್ನೂ ತುಂಬಿಲ್ಲ, ಇವರು ಮುಂದಿನ ಮಾತು ಆಡುತ್ತಿದ್ದಾರೆ ಎಂದು ಓದುವವರು ಅರ್ಜಿಯನ್ನು ಬದಿಗಿಟ್ಟಾರು. ಪದವಿ ತರಗತಿಯವರೂ ಇದರಲ್ಲಿ ತಪ್ಪುವುದನ್ನು ಕಂಡಿದ್ದೇನೆ. ದಯವಿಟ್ಟು ಇದೊಂದನ್ನು ಮನಸ್ಸಿಟ್ಟು ಅಭ್ಯಾಸ ಮಾಡಿ.

‘ಡೆಸ್ಪೈಟ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಮುಂದೆ ನಾಮಪದ ಬರಬೇಕು: ‘ಡೆಸ್ಪೈಟ್ ದ ರೇನ್’. ಅದಕ್ಕೆ ‘ಆಫ್’ ಬೇಡ. ‘ಇನ್ ಸ್ಪೈಟ್’ಗೆ ‘ಆಫ್’ ಬೇಕು. ‘ವೇರ್‌ಆಸ್’ ಎಂಬುದರಲ್ಲಿ ಆಶ್ಚರ್ಯವಾಗಲೀ ಅಡ್ಡಿಯಾಗಲೀ ಇಲ್ಲ, ಎರಡನ್ನು ಪಕ್ಕಪಕ್ಕ ಇಟ್ಟು ತೋರಿಸುವುದಷ್ಟೇ. ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಭತ್ತ, ಕಬ್ಬು. ನಾಗಮಂಗಲದ ಬೆದ್ದಲಿನಲ್ಲಿ ರಾಗಿ, ಹುರುಳಿ. ಅಂಥಲ್ಲಿ ‘ವೇರ್‌ಆಸ್’ ಸಲ್ಲುತ್ತದೆ.

ಇಷ್ಟು ಹೊತ್ತು ಹೇಳಿದ ‘ಬಟ್’, ‘ಆಲ್‌ದೋ’, ‘ವೇರ್‌ಆಸ್’ ಸಂಯೋಜಕ ಪದಗಳು, ಅಂದರೆ ಕಂಜಂಕ್ಷನ್‌ಗಳು. ಎರಡು ವಾಕ್ಯಗಳನ್ನು ಒಂದಾಗಿ ಹೊಲಿಯುತ್ತವೆ. ‘ಹೌಎವರ್’, ‘ನೆವರ್‌ದಲೆಸ್’ ಕ್ರಿಯಾವಿಶೇಷಣದ ಗುಂಪಿನವು. ಅವಕ್ಕೆ ಹೊಲಿಯುವ ಶಕ್ತಿ ಇಲ್ಲ. ಆದ್ದರಿಂದ ‘ಹೌಎವರ್’ನ ಹಿಂದೆ ಬರೀ ಅಲ್ಪವಿರಾಮ ಹಾಕಿ ಎರಡು ವಾಕ್ಯಗಳನ್ನು ಜೋಡಿಸಬಾರದು. ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. ನಮ್ಮ ಸ್ಟುಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಓದುವವರನ್ನು ಗಮನಿಸಿ: ‘ಹೌಎವರ್’ಗೆ ಮೊದಲು ಉಸಿರು ತೆಗೆದುಕೊಳ್ಳುತ್ತಾರೆ, ಅದಾದ ಮೇಲೂ ಕೊಂಚ ನಿಲ್ಲುತ್ತಾರೆ. ಆ ನಿಲುಗಡೆಗಳೇ ಬರಹದಲ್ಲಿ ಚಿಹ್ನೆಗಳಾಗಿವೆ. ಮನೆಮಾತಿನಲ್ಲಿ ಯಾರೂ ‘ನೆವರ್‌ದಲೆಸ್’ ಎನ್ನುವುದಿಲ್ಲ. ವಾಕ್ಯದ ಕೊನೆಯಲ್ಲಿ ಮೆಲ್ಲಗೆ ಒಂದು ‘ದೋ’ ಸೇರಿಸುತ್ತಾರೆ, ನಾವು ‘ಚೆನ್ನಾಗಿತ್ತು ಬಿಡಿ’ ಎಂದು ‘ಬಿಡಿ’ ಸೇರಿಸುವಂತೆ.

‘ಆನ್ ದ ಕಾಂಟ್ರರಿ’ ಎಂಬುದನ್ನು ಮಾತ್ರ ‘ಆದರೆ’ ಎಂಬರ್ಥದಲ್ಲಿ ಬಳಸಬೇಡಿ. ಅದು ಹಿಂದಿನ ಮಾತನ್ನೇ ಅಲ್ಲಗಳೆಯುತ್ತದೆ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹಾಗಾದರೆ ಫ್ರೆಂಚರು ಅಲ್ಲಿ ಆಳಿದರೇ? ‘ಆನ್ ದ ಕಾಂಟ್ರರಿ’, ಅವರು ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದು ಅಲ್ಲಿ ಬೀಡುಬಿಟ್ಟಿದ್ದ ಸೈನಿಕರು.

ಇನ್ನೊಂದು ಮಾತು ಉಳಿದಿದೆ. ‘ಬಟ್’ ಎನ್ನುವಾಗ ಅದರೊಳಗೆ ನಾವು ಬಾಯಿಬಿಟ್ಟು ಹೇಳದ ಒಂದು ನಿರೀಕ್ಷೆ ಇರುತ್ತದೆ. ‘ಶಿ ಈಸ್ ಫ್ರಮ್ ನಾಗಮಂಗಲ, ಬಟ್ ಶಿ ಸ್ಪೀಕ್ಸ್ ಗುಡ್ ಇಂಗ್ಲಿಷ್’ ಎಂದು ಯಾರಾದರೂ ಹೊಗಳಿದರೆ ಆ ಹೊಗಳಿಕೆಯಲ್ಲಿ ಮುಳ್ಳಿದೆ. ನಾಗಮಂಗಲದವರಿಗೆ ಇಂಗ್ಲಿಷ್ ಬಾರದು ಎಂದು ಮೊದಲೇ ತೀರ್ಮಾನಿಸಿದವರು ಮಾತ್ರ ಅಲ್ಲಿ ‘ಬಟ್’ ಹಾಕುತ್ತಾರೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಊರು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು 1900ರಲ್ಲಿ ಎ.ಎನ್. ಮೂರ್ತಿರಾವ್ ಹುಟ್ಟಿದ ಊರು. ಇಬ್ಬರೂ ಇಂಗ್ಲಿಷ್ ಪ್ರಾಧ್ಯಾಪಕರು, ಇಬ್ಬರೂ ಕನ್ನಡದ ದೊಡ್ಡ ಲೇಖಕರು. ಅವರ ವಿಷಯದಲ್ಲಿ ‘ಇಂಗ್ಲಿಷ್ ಕಲಿಸಿದರು, ಆದರೆ ಕನ್ನಡದಲ್ಲಿ ಬರೆದರು’ ಎನ್ನಬೇಕೋ, ‘ಇಂಗ್ಲಿಷ್ ಕಲಿಸಿದರು, ಕನ್ನಡದಲ್ಲಿ ಬರೆದರು’ ಎನ್ನಬೇಕೋ, ನೀವೇ ಯೋಚಿಸಿ.

ಇದೆಲ್ಲವನ್ನೂ ಆ ದಿನ ಊಟದ ಬಿಡುವಿನಲ್ಲಿ ಮಕ್ಕಳ ಜೊತೆ ಹೀಗೆಯೇ ಮಾತನಾಡಿದ್ದೆ. ಮಧ್ಯಾಹ್ನ ಆ ಹುಡುಗಿ, ‘ನಂದು ಇನ್ನೊಂದ್ ಸಲ ತಗೊಳ್ಳಿ ಸಾರ್’ ಎಂದು ತಾನೇ ಬಂದು ಕ್ಯಾಮೆರಾದ ಮುಂದೆ ನಿಂತಳು. ನಾನು ಹೇಳಿಕೊಟ್ಟಂತೆ ಹಿಂದುಮುಂದು ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ‘ಬಟ್’ ಅನ್ನೇ ತೆಗೆದುಹಾಕಿದ್ದಳು: ‘ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ, ಅಂಡ್ ಐ ಗಾಟ್ ಫಸ್ಟ್ ಕ್ಲಾಸ್.’ ನಾವು ಪ್ರಸಾರ ಮಾಡಿದ್ದು ಅದನ್ನೇ.