ರೈತನ ಬೆನ್ನುಹುರಿ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಆಡಿದ ಮಾತು)



ರೈತ ದೇಶದ ಬೆನ್ನೆಲುಬು ಅಂತ ಪ್ರತಿ ಸಭೆಯಲ್ಲೂ ಕೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಆದರೆ ರೈತನಿಗೂ ಒಂದು ಬೆನ್ನೆಲುಬು ಇದೆ, ಅದರೊಳಗೆ ಒಂದು ಹುರಿ ಇದೆ ಎಂಬುದನ್ನು ಮರೆಯುತ್ತೇವೆ. ಅಡಿಕೆ ಮರ ಹತ್ತುವವರೂ ನಾವೇ, ಗೊಬ್ಬರದ ಚೀಲ ಹೊರುವವರೂ ನಾವೇ. ಆದ್ದರಿಂದ ಈ ನಾಲ್ಕು ಮಾತು.

ಬೆನ್ನುಮೂಳೆ ಒಂದೇ ಕೋಲಲ್ಲ. ಹುಟ್ಟುವಾಗ 33 ಮಣಿಗಳು ಒಂದರ ಮೇಲೊಂದು ಕೂತಿರುತ್ತವೆ. ದೊಡ್ಡವರಾದ ಮೇಲೆ ಕೆಳಗಿನ ಕೆಲವು ಬೆಸೆದುಕೊಳ್ಳುತ್ತವೆ. ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್. ಮಣಿಗಳ ತೂತುಗಳೆಲ್ಲ ಸೇರಿ ಒಂದು ಕೊಳವೆ. ಅದರೊಳಗೆ ಬೆನ್ನುಹುರಿ. ದಪ್ಪ ಕಿರುಬೆರಳಿನಷ್ಟು, ಉದ್ದ ಸುಮಾರು 45 ಸೆಂಟಿಮೀಟರ್. ಮೆದುಳಿನ ಬುಡದಿಂದ ಹೊರಟು ಸೊಂಟದ ಮೊದಲೆರಡು ಮಣಿಗಳ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಬರೀ ನರಗಳು, ಕುದುರೆ ಬಾಲದ ಹಾಗೆ.

ಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಕುತ್ತಿಗೆಯಲ್ಲಿ 8, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5, ಕೊನೆಯ ಬಾಲದ ಮೂಳೆಯ ಬಳಿ 1. ಪ್ರತಿ ನರಕ್ಕೂ ಎರಡು ಬೇರು. ಹಿಂದಿನ ಬೇರು ಬಿಸಿ, ತಂಪು, ನೋವಿನ ಸುದ್ದಿ ಒಳಗೆ ತರುತ್ತದೆ. ಮುಂದಿನ ಬೇರು ಕೈಕಾಲಿಗೆ ಅಪ್ಪಣೆ ಒಯ್ಯುತ್ತದೆ. ಒಲೆಯ ಕೊಳ್ಳಿ ತಾಗಿದರೆ ನೋವು ಗೊತ್ತಾಗುವ ಮೊದಲೇ ಕೈ ಹಿಂದೆ ಬರುತ್ತದಲ್ಲ? ಆ ತೀರ್ಮಾನ ಮೆದುಳಿನದಲ್ಲ, ಹುರಿಯದೇ.

ತೋಟದ ಕಾಲುವೆ ಮೇಲೆ ಒಡೆದರೆ ಕೆಳಗಿನ ಸಾಲಿಗೆಲ್ಲ ನೀರಿಲ್ಲ. ಹುರಿಯೂ ಹಾಗೆಯೇ. ಎದೆ ಮಟ್ಟದಲ್ಲಿ ಕಡಿದರೆ ಕಾಲು ಹೋಯಿತು, ಮಲಮೂತ್ರದ ಹಿಡಿತವೂ ಹೋಯಿತು. ಕುತ್ತಿಗೆಯಲ್ಲಾದರೆ ಕೈಯೂ ಹೋಗಬಹುದು. ಇನ್ನೂ ಮೇಲಾದರೆ ಉಸಿರೇ ನಿಲ್ಲಬಹುದು. ಮುರಿದ ಮೂಳೆ ಕೂಡುತ್ತದೆ. ಕಡಿದ ಹುರಿಯನ್ನು ಮೊದಲಿನಂತೆ ಕೂಡಿಸುವ ಔಷಧಿ ಇವತ್ತಿಗೂ ಇಲ್ಲ.

ಇನ್ನು ಮುಖ್ಯ ಮಾತು. ಮರದಿಂದ ಯಾರಾದರೂ ಬಿದ್ದರೆ ನಾವೇನು ಮಾಡುತ್ತೇವೆ? ಇಬ್ಬರು ರಟ್ಟೆ ಹಿಡಿದು, ಇಬ್ಬರು ಕಾಲು ಹಿಡಿದು, ಮಡಚಿ ಜೀಪಿಗೆ ಹಾಕುತ್ತೇವೆ. ಮನಸ್ಸು ಒಳ್ಳೆಯದೇ. ಆದರೆ ಬಿದ್ದಾಗ ಮಣಿ ಮಾತ್ರ ಮುರಿದು ಹುರಿ ಉಳಿದಿದ್ದರೆ, ನಮ್ಮ ಎಳೆದಾಟದಲ್ಲಿ ಅದೂ ಹೋಗಬಹುದು. ದಯವಿಟ್ಟು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಉಸಿರಾಟ ನೋಡಿ, ತಲೆ ಅಲುಗದಂತೆ ಹಿಡಿದುಕೊಳ್ಳಿ, 108ಕ್ಕೆ ಫೋನ್ ಮಾಡಿ. ಬೆಂಕಿಯೋ ವಿದ್ಯುತ್ ತಂತಿಯೋ ಹತ್ತಿರವಿದ್ದು ಸರಿಸಲೇಬೇಕಾದರೆ, ಮೊದಲು ನಮ್ಮ ಜೀವ ನೋಡಿಕೊಂಡು, ತಲೆ, ಕುತ್ತಿಗೆ, ಮೈ ಒಂದೇ ನೇರಕ್ಕಿರುವಂತೆ ಎಲ್ಲರೂ ಒಟ್ಟಿಗೆ ಸರಿಸಿ.

ಸೊಂಟನೋವಿನ ಜೊತೆ ಕಾಲು ಸೋತರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಮ್ಮ ಗೋದಾಮಿನಲ್ಲಿ ಚೀಲ ಎತ್ತುವಾಗಲೂ ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಿ. ಒಬ್ಬರಿಗೆ ಭಾರವಾದರೆ ಇಬ್ಬರು ಹಿಡಿಯಿರಿ. ಸಹಕಾರ ಅಂದರೆ ಅದೇ ಅಲ್ಲವೇ?